ಮುಳುಗದ ಸೂರ್ಯ, ಗೋಡೆಗೆ ಹೇಳಿದ ಮಾತು

ರಾಯಚೂರು

ರಾಯಚೂರಿನವಳಿಗೆ ಸೂರ್ಯನ ಮೇಲೆ ಅಂಥ ಪ್ರೀತಿಯೇನೂ ಇರುವುದಿಲ್ಲ. ಮೇ ತಿಂಗಳಲ್ಲಿ ನಾವು ಬೆಳಿಗ್ಗೆ ಎದ್ದಾಗಿನಿಂದ ಕಾಯುವುದು ಅವನು ಯಾವಾಗ ಮುಳುಗುತ್ತಾನೆ ಎಂದೇ. ಅಂಥವಳನ್ನು ಬೇಸಿಗೆಯಿಡೀ ಸೂರ್ಯ ಮುಳುಗದ ಊರಿಗೆ ಕಳಿಸಿದರೆ ಅದು ಬಹುಮಾನವೋ ಶಿಕ್ಷೆಯೋ? ನಾರ್ವೆ ದೇಶದ ಉತ್ತರದ ತುದಿಯಲ್ಲಿರುವ ಟ್ರೊಮ್ಸೊದಲ್ಲಿ ಮೂರು ವಾರ ಇದ್ದು ಬಂದಿದ್ದೇನೆ. ನನಗಿನ್ನೂ ಗೊತ್ತಾಗಿಲ್ಲ.

ನಾನು ರಾಯಚೂರಿನಲ್ಲಿ ಕುಟುಂಬಗಳ ಜೊತೆ ಮಾತಾಡುವ ಕೆಲಸ ಮಾಡುತ್ತೇನೆ. ಬೋರ್ಡಿನ ಮೇಲೆ ‘ಕುಟುಂಬ ಆಪ್ತಸಮಾಲೋಚನೆ’ ಎಂದು ಬರೆಸಿದ್ದೇವೆ. ಅದನ್ನು ಯಾರೂ ಓದುವುದಿಲ್ಲ. ‘ಜಗಳ ಬಿಡಿಸೋ ಮೇಡಂ ಮನಿ ಎಲ್ರೀ’ ಎಂದು ಕೆಳಗಿನ ಚಹಾದ ಅಂಗಡಿಯಲ್ಲಿ ಕೇಳಿಕೊಂಡು ಮೇಲೆ ಹತ್ತುತ್ತಾರೆ. ಈ ಕೆಲಸ ಮಾಡುವವರೂ ಆಗಾಗ ಇನ್ನೊಬ್ಬ ಅನುಭವಿಯ ಎದುರು ಕೂತು, ತಾವೆಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ ಎಂದು ಹೇಳಿಕೊಳ್ಳಬೇಕು. ಅದಕ್ಕೆ ಸೂಪರ್‌ವಿಷನ್ ಎನ್ನುತ್ತಾರೆ. ನಮ್ಮ ಕಡೆ ಸೂಪರ್ವೈಸರ್ ಎಂದರೆ ಪರೀಕ್ಷೆ ಹಾಲಿನಲ್ಲಿ ಕಾಪಿ ಹಿಡಿಯುವವರು. ‘ಸೂಪರ್‌ವಿಷನ್ನಿಗೆ ನಾರ್ವೆಗೆ ಹೋಗ್ತೀನಿ’ ಎಂದಾಗ ನನ್ನ ತಮ್ಮ, ‘ಅಷ್ಟು ದೂರದ ಹುಡುಗ್ರೂ ಕಾಪಿ ಹೊಡಿತಾರೇನಕ್ಕಾ?’ ಎಂದು ಕೇಳಿದ.

ಹೋಗುವಾಗ ನನ್ನ ತಲೆಯಲ್ಲಿ ಒಂದೇ ಮನೆ ಇತ್ತು. ಅದು ಮಾನ್ವಿಯ ಮನೆ. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಹೆಸರುಗಳನ್ನೂ ಹೊಲದ ಗುರುತನ್ನೂ ಬದಲಿಸಿದ್ದೇನೆ. ಯಜಮಾನರು ಬಸಪ್ಪ, ಅವರ ಹೆಂಡತಿ ಗಂಗಮ್ಮ, ಮಗ ಮಲ್ಲು. ಸೊಸೆ ರೇಣುಕಾಳ ತವರು ದೇವದುರ್ಗ. ದೀಪಾವಳಿ ಹೊತ್ತಿಗೆ, ಹೆರಿಗೆಗೆಂದು ಅವಳನ್ನು ತವರಿಗೆ ಕರೆದೊಯ್ಯುವ ಮೊದಲೇ, ನೋವು ಬಂದು ರಾಯಚೂರಿನ ದವಾಖಾನೆಗೆ ಸೇರಿಸಿದ್ದರು. ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಆಮೇಲೆ ತವರಿನಲ್ಲಿ ಕೆಲವು ತಿಂಗಳಿದ್ದು ಮಾನ್ವಿಗೆ ಬಂದ ರೇಣುಕಾ ಗಂಡನ ಜೊತೆ ಮಾತಾಡಲಿಲ್ಲ. ಅವನೂ ಮಾತು ಬಿಟ್ಟ. ಒಂದೇ ಮನೆಯಲ್ಲಿ ಇಬ್ಬರು ಮೂಕರಂತೆ ಯುಗಾದಿ ಕಳೆದರು. ಹಬ್ಬ ಮುಗಿದದ್ದೇ ಅವಳು ದೇವದುರ್ಗಕ್ಕೆ ಹೋದಳು. ಎರಡೂ ಕಡೆಯ ಹಿರಿಯರು ಕೂತು ಸಂಬಂಧ ಕಡಿದುಬಿಡೋಣ ಎನ್ನತೊಡಗಿದಾಗ ಗಂಗಮ್ಮ ನನ್ನ ಹತ್ತಿರ ಬಂದರು.

ಎಲ್ಲರನ್ನೂ ಒಮ್ಮೆ ಕರೆಸಿದೆ. ತರಬೇತಿಯಲ್ಲಿ ಹೇಳಿಕೊಟ್ಟಂತೆ ಕುರ್ಚಿಗಳನ್ನು ದುಂಡಗೆ ಇಟ್ಟಿದ್ದೆ. ರೇಣುಕಾ ಕೂರಲಿಲ್ಲ. ನಮ್ಮ ಕಡೆ ಮಾವನ ಎದುರು ಸೊಸೆ ಕುರ್ಚಿಯಲ್ಲಿ ಕೂರುವುದು ಅಪರೂಪ, ನೇರ ಮಾತಾಡುವುದು ಇನ್ನೂ ಅಪರೂಪ. ಇದು ನನಗೆ ಗೊತ್ತಿಲ್ಲದ್ದೇ? ನಾನೂ ಇದೇ ನೀರು ಕುಡಿದವಳು. ಆದರೂ ‘ಇಲ್ಲಿ ಎಲ್ಲರೂ ಸಮಾನರು, ಕೂತ್ಕೋ’ ಎಂದು ಕೈಹಿಡಿದು ಕೂರಿಸಿದೆ. ಬಸಪ್ಪ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಮಲ್ಲು ನೆಲ ನೋಡಿದ.

‘ನಿನಗ ಏನನ್ನಿಸ್ತದ, ಹೇಳು ರೇಣುಕಾ’ ಎಂದೆ.

‘ಏನಿಲ್ರೀ ಮೇಡಂ, ಆರಾಮದೀನಿ’ ಎಂದಳು. ಆಮೇಲೆ ಸೆರಗು ಮುಂದೆಳೆದು, ಪಕ್ಕದಲ್ಲಿದ್ದ ಅತ್ತೆಗೆ ಮೆಲ್ಲಗೆ, ‘ಅತ್ತಿ, ಹೊಲಕ್ಕ ನೀರು ಬಿಟ್ಟಾರೇನು ಕೇಳ್ರಿ’ ಎಂದಳು.

ಮಾತು ತಪ್ಪಿಸುತ್ತಿದ್ದಾಳೆ ಎಂದುಕೊಂಡೆ. ‘ಹೊಲದ ಮಾತು ಆಮ್ಯಾಲ’ ಎಂದೆ. ಅಲ್ಲಿಗೆ ಎಲ್ಲ ಮುಗಿಯಿತು. ಅವರು ಮತ್ತೆ ಬರಲಿಲ್ಲ.

‘ನೀ ಹೋಗಿ ಬಾ ಅಕ್ಕಾ, ಕಾಯ್ಕು ಫಿಕರ್? ಮಾನ್ವಿ ಫೋನ್ ನಾ ನೋಡ್ಕೋತೀನಿ’ ಎಂದಳು ಶಾಹೀನ್. ನನ್ನ ಜೊತೆಗೇ ಕೆಲಸ ಮಾಡುವವಳು, ನನಗಿಂತ ಚಿಕ್ಕವಳು, ನನಗಿಂತ ತಾಳ್ಮೆಯವಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಎರಡು ಸ್ವೆಟರ್ ತುಂಬಿಕೊಂಡು ಹೊರಟೆ.

ಟ್ರೊಮ್ಸೊ

ಮೊದಲ ವಾರ ನಿದ್ದೆಯೇ ಬರಲಿಲ್ಲ. ಗಡಿಯಾರ ಮಲಗು ಎನ್ನುತ್ತದೆ, ಕಿಟಕಿ ಏಳು ಎನ್ನುತ್ತದೆ. ನನಗೆ ಕೊಟ್ಟಿದ್ದ ಕೋಣೆಯಲ್ಲಿ ದಪ್ಪ ಕಪ್ಪು ಪರದೆಯಿತ್ತು. ಅದನ್ನು ಎಳೆಯಲು ಹೋದರೆ ಕೊಂಡಿ ಸಮೇತ ಕಿತ್ತು ಕೈಗೆ ಬಂತು. ಹೇಳಿಕೊಳ್ಳಲು ನಾಚಿಕೆ. ದುಪಟ್ಟಾವನ್ನು ಕಣ್ಣಿಗೆ ಕಟ್ಟಿಕೊಂಡು, ಅದರ ಮೇಲೆ ದಿಂಬು ಹೇರಿಕೊಂಡು ಮಲಗಿದೆ. ಪರದೆ ಹೋದ ಸಂಗತಿಯನ್ನು ಮನೆಯೊಡತಿಗೆ ಹೇಳುವ ಹೊತ್ತಿಗೆ ವಾರ ಕಳೆದಿತ್ತು. ‘ಅಯ್ಯೋ, ಬೆಳಕಿನಲ್ಲೇ ಮಲಗಿದಿರಾ?’ ಎಂದು ಆಕೆ ಕೆನ್ನೆಗೆ ಕೈ ಹಚ್ಚಿದಳು. ನಮ್ಮ ಕಡೆಯ ಹೆಂಗಸರ ಹಾಗೆಯೇ.

ಅಲ್ಲಿನವರು ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ. ಹೊಸ್ತಿಲಲ್ಲಿ ಬೂಟುಗಳ ಸಾಲು ಕಂಡಾಗ ಯಾವುದೋ ಮಠಕ್ಕೆ ಬಂದಷ್ಟು ಸಮಾಧಾನವಾಯಿತು. ಆ ಸಮಾಧಾನ ಬಸ್ಸಿನಲ್ಲಿ ಹೋಯಿತು. ಖಾಲಿ ಇದ್ದ ಬಸ್ಸಿನಲ್ಲಿ ಒಬ್ಬ ಅಜ್ಜಿಯ ಪಕ್ಕ ಕೂತೆ. ಮಾತಿಗೆ ಮುಪ್ಪಿನವರೇ ಆಗಬೇಕಲ್ಲ. ಅಜ್ಜಿ ನನ್ನನ್ನೂ ಖಾಲಿ ಸೀಟುಗಳನ್ನೂ ಒಂದೆರಡು ಸಲ ನೋಡಿ, ತನ್ನ ಚೀಲವನ್ನು ಎದೆಗೆ ಅವುಚಿಕೊಂಡಳು. ದೇವದುರ್ಗದ ಬಸ್ಸಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನನಗೆ ಮಕ್ಕಳೆಷ್ಟು, ಯಾಕೆ ಒಂದೇ ಎಂದು ಕೇಳಿ ಒಂದು ಬಾಳೆಹಣ್ಣೂ ಕೊಟ್ಟಾಗಿರುತ್ತಿತ್ತು.

ಇನ್ನೊಂದು ದಿನ ಕಾಫಿ ಅಂಗಡಿಯ ಹೊರಗೆ ಕೂಸಿನ ತಳ್ಳುಗಾಡಿ ನಿಂತಿತ್ತು. ಒಳಗೆ ಕೂಸು! ಆ ಚಳಿಯಲ್ಲಿ, ಒಂಟಿಯಾಗಿ, ಕೆಂಪು ಮೂಗು ಹೊರಗೆ ಬಿಟ್ಟುಕೊಂಡು ನಿದ್ದೆ ಹೊಡೆಯುತ್ತಿತ್ತು. ಯಾರೋ ಬಿಟ್ಟುಹೋಗಿದ್ದಾರೆ ಎಂದುಕೊಂಡೆ. ಅದನ್ನು ಬಿಟ್ಟು ಹೋಗಲು ಕಾಲು ಬರಲಿಲ್ಲ. ಕಾವಲುಗಾರಳಂತೆ ಪಕ್ಕದಲ್ಲಿ ನಿಂತು, ಹೋಗಿಬರುವವರನ್ನೆಲ್ಲ ಕಣ್ಣು ಬಿಟ್ಟು ನೋಡಿದೆ. ಬಹಳ ಹೊತ್ತಿನ ಮೇಲೆ ತಾಯಿ ನಗುತ್ತಾ ಹೊರಬಂದಳು. ಅಲ್ಲಿ ಕೂಸುಗಳನ್ನು ಹೀಗೇ ಮಲಗಿಸುತ್ತಾರಂತೆ, ತಂಪು ಗಾಳಿ ಒಳ್ಳೆಯದಂತೆ. ಆಕೆ ನನ್ನನ್ನು ಗಾಜಿನೊಳಗಿಂದ ನೋಡುತ್ತಲೇ ಇದ್ದಳಂತೆ, ‘ಇವಳು ಯಾಕೆ ನನ್ನ ಮಗುವಿನ ಹತ್ತಿರ ನಿಂತಿದ್ದಾಳೆ’ ಎಂದು! ನಮ್ಮಲ್ಲಿ ಕೂಸನ್ನು ಹೊರಗೆ ತರುವಾಗ ಕೆನ್ನೆಗೆ ಕಾಡಿಗೆಯ ಬೊಟ್ಟಿಡುತ್ತೇವೆ ಎಂದೆ. ಯಾಕೆ ಎಂದಳು. ಕಣ್ಣು ಬೀಳಬಾರದೆಂದು. ‘ಯಾರ ಕಣ್ಣು?’ ಎಂದಳು. ‘ನನ್ನಂಥವರದ್ದೇ’ ಎಂದೆ. ಇಬ್ಬರೂ ನಕ್ಕೆವು. ಆದರೆ ಕೋಣೆಗೆ ಬರುವವರೆಗೂ ರೇಣುಕಾಳ ನೆನಪೇ. ಅವಳ ಕೂಸಿಗೆ ಬೊಟ್ಟಿಡುವ ಹೊತ್ತೂ ಬರಲಿಲ್ಲ.

ಗಾಜಿನ ಕೋಣೆ

ನನ್ನ ಸೂಪರ್ವೈಸರ್ ಹೆಸರು ಇಂಗ್ರಿಡ್. ಅರವತ್ತು ದಾಟಿದ, ಬಿಳಿ ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡ ಹೆಂಗಸು. ಮಾತು ಕಡಿಮೆ. ನಾವು ಮಾತಾಡಿ ಮುಗಿಸಿದ ಮೇಲೂ ಸುಮ್ಮನೆ ಕೂತಿರುತ್ತಾಳೆ. ನನಗೆ ಆ ಸುಮ್ಮನಿರುವಿಕೆಯಲ್ಲಿ ಕೈಕಾಲು ಕಡಿಯುತ್ತವೆ. ಫೋನ್ ತೆಗೆಯುವುದು, ಇಡುವುದು, ನೀರು ಕುಡಿಯುವುದು. ಒಂದು ದಿನ ಆ ಮೌನ ತಾಳಲಾರದೆ ಡಬ್ಬಿ ತೆಗೆದು ಕಡಕ್ ರೊಟ್ಟಿ ಮುರಿದೆ. ಅದರ ಶಬ್ದ ಆ ಕೋಣೆಯಲ್ಲಿ ಹೆಂಚು ಒಡೆದ ಹಾಗೆ ಕೇಳಿಸಿತು. ಅಲ್ಲಿ ಕೆಲಸ ಮಾಡುವವರೆಲ್ಲ ತಿರುಗಿ ನೋಡಿದರು. ಇಂಗ್ರಿಡ್ ಮಾತ್ರ ಕೈ ಚಾಚಿ ಒಂದು ತುಂಡು ತೆಗೆದುಕೊಂಡು, ಚಟ್ನಿಪುಡಿ ಹಚ್ಚಿಕೊಂಡು ತಿಂದಳು. ಕಣ್ಣಲ್ಲಿ ನೀರು ಬಂದರೂ ಸುಮ್ಮನೇ ಇದ್ದಳು.

ಅವರು ಕೆಲಸ ಮಾಡುವ ರೀತಿ ಹೀಗೆ. ಕೋಣೆಯ ನಡುವೆ ಗಾಜಿನ ಗೋಡೆ. ಈಚೆ ಕುಟುಂಬ ಮತ್ತು ಅವರ ಜೊತೆ ಮಾತಾಡುವವರು. ಆಚೆ ಕತ್ತಲಲ್ಲಿ ಉಳಿದ ಮೂರು ನಾಲ್ಕು ಜನ ಕೂತು ಕೇಳುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ದೀಪ ಆಚೆಗೆ ಹತ್ತುತ್ತದೆ. ಈಗ ಆಚೆಯವರು ತಾವು ಕೇಳಿದ್ದರ ಬಗ್ಗೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ, ಕುಟುಂಬ ಕೇಳುತ್ತದೆ. ಮಾತಾಡುವವರು ಕುಟುಂಬದ ಕಡೆ ತಿರುಗಿಯೂ ನೋಡುವುದಿಲ್ಲ. ಮುಖಕ್ಕೆ ಮುಖ ಕೊಟ್ಟು ಹೇಳಿದರೆ ಜನ ಕೂಡಲೇ ಉತ್ತರ ಹುಡುಕಲು ಹೊರಡುತ್ತಾರೆ, ಪಕ್ಕದಿಂದ ಬಿದ್ದ ಮಾತನ್ನು ಮನಸ್ಸಿಗೆ ಬಂದಷ್ಟು ತೆಗೆದುಕೊಳ್ಳಬಹುದು. ಇದು ಅವರ ನಂಬಿಕೆ.

ನನ್ನ ಸರದಿ ಬಂದಾಗ ಮಾನ್ವಿಯ ಮನೆಯನ್ನು ಅವರೇ ನಟಿಸಿ ನೋಡೋಣ ಎಂದರು. ಓಲಾ ಎಂಬ ಆರಡಿ ಮೀರಿದ ಗಡ್ಡದವನು ಗಂಗಮ್ಮನಾದ, ಟವೆಲ್ಲನ್ನು ತಲೆಗೆ ಹೊದ್ದುಕೊಂಡು. ಸೀರಿ ಎಂಬ ಹುಡುಗಿ ರೇಣುಕಾ ಆದಳು. ಬಂದವಳೇ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಮಾವನಾಗಿ ಕೂತವನ ಕಣ್ಣಲ್ಲಿ ಕಣ್ಣಿಟ್ಟು, ‘ನನಗೆ ತುಂಬಾ ದುಃಖವಾಗಿದೆ, ನೀವು ಯಾರೂ ನನ್ನನ್ನು ವಿಚಾರಿಸಲಿಲ್ಲ’ ಎಂದಳು. ಪಾಪ, ಚೆನ್ನಾಗಿಯೇ ಹೇಳಿದಳು. ಆದರೆ ನಾನು ಎದ್ದುಬಿಟ್ಟೆ.

‘ಹಾಗಲ್ಲ, ಹಾಗಲ್ಲ. ಅವಳು ಅಲ್ಲಿ ಕೂರುವವಳೇ ಅಲ್ಲ. ಬಾಗಿಲ ಹಿಂದೆ ನಿಲ್ಲುತ್ತಾಳೆ.’

‘ಹಾಗಾದರೆ ನೀನೇ ಅವಳಾಗು’ ಎಂದಳು ಇಂಗ್ರಿಡ್.

ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು ಬಾಗಿಲ ಹಿಂದೆ ನಿಂತೆ. ಒಳಗೆ ನನ್ನ ಬಗ್ಗೆಯೇ ಮಾತು ನಡೆದಿತ್ತು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ವಿಚಿತ್ರವೆಂದರೆ, ಆ ದೇಶಕ್ಕೆ ಬಂದಾಗಿನಿಂದ ಮೊದಲ ಸಲ ನನ್ನ ಕೈಕಾಲು ಸುಮ್ಮನಾದವು. ಮರದ ಬಾಗಿಲಿಗೆ ತಲೆ ಆನಿಸಿ ಕೇಳಿದೆ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಅರ್ಧ ಮಾತು ಹೀಗೇ ನಡೆಯುತ್ತಿತ್ತು. ನಮ್ಮ ಅಜ್ಜಿ ಸೊಸೆಗೆ ಹೇಳಬೇಕಾದ್ದನ್ನು ಬೆಕ್ಕಿಗೆ ಹೇಳುತ್ತಿದ್ದಳು. ಮಾತು ಬಿಟ್ಟ ಅಣ್ಣತಮ್ಮಂದಿರು ಊಟಕ್ಕೆ ಕೂತು, ‘ಅವನಿಗೆ ಅನ್ನ ಬೇಕೇನು ಕೇಳು’ ಎಂದು ಗೋಡೆಗೆ ಹೇಳುತ್ತಿದ್ದರು. ಹತ್ತಿರವೇ ಇದ್ದ ಅವನು, ‘ಬ್ಯಾಡಂತ ಹೇಳು’ ಎಂದು ಅದೇ ಗೋಡೆಗೆ ಉತ್ತರ ಕೊಡುತ್ತಿದ್ದ. ಇದನ್ನು ತಿದ್ದುವುದೇ ನನ್ನ ಕೆಲಸ ಎಂದುಕೊಂಡು ಇಷ್ಟು ವರ್ಷ ಕುರ್ಚಿಗಳನ್ನು ದುಂಡಗೆ ಇಡುತ್ತಾ ಬಂದಿದ್ದೆ.

ಇಂಗ್ರಿಡ್ ಬಾಗಿಲ ಕಡೆ ನೋಡದೆಯೇ ಓಲಾನನ್ನು ಕೇಳಿದಳು: ‘ಆ ದಿನ ಸೊಸೆ ತಾನಾಗಿ ಹೇಳಿದ ಮಾತು ಯಾವುದು?’

ಬಾಗಿಲ ಹಿಂದಿನಿಂದ ನಾನು ಓಲಾಗೆ ಹೇಳಿದೆ: ‘ಹೊಲಕ್ಕೆ ನೀರು ಬಿಟ್ಟಿದ್ದಾರಾ ಎಂದು ಕೇಳಿ, ಅತ್ತೆ.’

ಯಾಕೆ ಹಾಗೆ ಕೇಳಿದಳು ಎಂದು ಓಲಾ ಕೇಳಿದ. ನಾನು ಹೊರಗೆ ಬಂದು ವಿವರಿಸಿದೆ. ನಮ್ಮದು ಭತ್ತದ ಸೀಮೆ. ಮಳೆಗಾಲದಲ್ಲಿ ಕಾಲುವೆಗೆ ನೀರು ಬಿಟ್ಟರೆ ಗದ್ದೆಗಳೆಲ್ಲ ಕೆರೆಯಾಗುತ್ತವೆ. ಮಾನ್ವಿ ಕಾಲುವೆಯ ಕೊನೆಯಲ್ಲಿದೆ, ನೀರು ಬಂತೇ ಎಂದು ಬೀಗರೂ ಕೇಳುತ್ತಾರೆ, ಬ್ಯಾಂಕಿನವರೂ ಕೇಳುತ್ತಾರೆ.

‘ಆದರೆ ಅವಳು ಆ ಮನೆ ಬಿಟ್ಟು ತವರಿಗೆ ಹೋಗಿದ್ದಾಳೆ’ ಎಂದಳು ಇಂಗ್ರಿಡ್. ‘ಗಂಡನ ಜೊತೆ ಮಾತಿಲ್ಲ. ಅವನ ಹೊಲದ ನೀರು ಅವಳಿಗೆ ಯಾಕೆ ಬೇಕು?’

ಎಂದಿನಂತೆ ಅವಳು ಸುಮ್ಮನೆ ಕೂತಳು. ರೊಟ್ಟಿ ಮುರಿಯಲೂ ನನಗೆ ಮನಸ್ಸಾಗಲಿಲ್ಲ.

ಚರ್ಚಿನ ಹಿಂದಿನ ಹುಲ್ಲು

ಆ ಭಾನುವಾರ ಕೋಣೆಯಲ್ಲಿ ಕೂರಲಾಗಲಿಲ್ಲ. ಶಾಹೀನ್ ಫೋನ್ ಮಾಡಿದ್ದಳು. ‘ಅಕ್ಕಾ, ಗಂಗಮ್ಮ ಮಾತಾಡಿದ್ರು. ಹಿರೇರು ಕೂಡೋದು ಗಟ್ಟಿ ಆಗ್ಯದಂತ. ನೀ ಬಂದ ವಾರದಾಗ’ ಎಂದಿದ್ದಳು. ಇಲ್ಲಿಂದ ಏನು ಮಾಡಲಿ? ಮಧ್ಯಾಹ್ನದ ಬಿಸಿಲಲ್ಲಿ ಗುರಿಯಿಲ್ಲದೆ ನಡೆದೆ. ಅದನ್ನು ಬಿಸಿಲು ಎನ್ನಲು ನನಗೆ ನಾಲಿಗೆ ಬರುವುದಿಲ್ಲ, ಸ್ವೆಟರ್ ಹಾಕಿಕೊಂಡು ಓಡಾಡುವ ಬಿಸಿಲು ಅದು. ಒಂದು ಚರ್ಚಿನ ಹಿಂದೆ ಸ್ಮಶಾನ ಕಂಡಿತು. ನಮ್ಮಲ್ಲಾದರೆ ಹೆಂಗಸರು ಸುಮ್ಮನೆ ಹೋಗುವ ಜಾಗವಲ್ಲ. ಅಲ್ಲಿ ಬೆಂಚುಗಳಿದ್ದವು, ಹುಲ್ಲು ಕತ್ತರಿಸಿ ನೀಟಾಗಿ ಇಟ್ಟಿದ್ದರು.

ಒಂದು ಮೂಲೆಯಲ್ಲಿ ಸಣ್ಣ ಸಣ್ಣ ಕಲ್ಲುಗಳು. ಒಂದು ಕಲ್ಲಿನ ಹತ್ತಿರ ಮರದ ಆಟಿಕೆ ದೋಣಿ. ನನ್ನ ವಯಸ್ಸಿನ ಒಬ್ಬ ಹೆಂಗಸು ಝಾರಿಯಿಂದ ಹೂವಿಗೆ ನೀರು ಹಾಕುತ್ತಿದ್ದಳು. ನನ್ನನ್ನು ನೋಡಿ ತಲೆಯಾಡಿಸಿದಳು. ಬಸ್ಸಿನಲ್ಲಿ ಮಾತಾಡದ ಜನ ಅಲ್ಲಿ ಮಾತಾಡಿದರು.

‘ನನ್ನ ಮಗ’ ಎಂದಳು. ‘ಹುಟ್ಟುವಾಗಲೇ ಜೀವ ಇರಲಿಲ್ಲ.’

ಕೇಳಬಾರದಿತ್ತೇನೋ, ಕೇಳಿಬಿಟ್ಟೆ: ‘ನೋಡಿದಿರಾ?’

‘ಕೈಗೆ ಕೊಟ್ಟರು. ಬಹಳ ಹೊತ್ತು ಎತ್ತಿಕೊಂಡಿದ್ದೆ.’ ಝಾರಿ ಕೆಳಗಿಟ್ಟಳು. ‘ಚಳಿಗಾಲದಲ್ಲಿ ಇದೆಲ್ಲ ಹಿಮದಲ್ಲಿ ಮುಚ್ಚಿಹೋಗುತ್ತದೆ. ಕಲ್ಲೂ ಕಾಣುವುದಿಲ್ಲ. ಆಗ ಆ ಬೇಲಿಯಿಂದ ಅಂದಾಜು ಹಿಡಿದು ಬಂದು ಇಲ್ಲೇ ನಿಲ್ಲುತ್ತೇನೆ. ಜಾಗ ಗೊತ್ತಿದೆಯಲ್ಲ, ಅದಕ್ಕೇ ತಡೆದುಕೊಂಡಿದ್ದೇನೆ.’

ಹಿಮದಲ್ಲಿ ಮುಚ್ಚಿಹೋಗುತ್ತದೆ ಎಂದಳಲ್ಲ, ಆ ಮಾತಿಗೆ ನಾನು ಅಲ್ಲೇ ಬೆಂಚಿನ ಮೇಲೆ ಕುಸಿದೆ. ನಮ್ಮಲ್ಲಿ ಹಿಮವಿಲ್ಲ, ನೀರಿದೆ. ರೇಣುಕಾ ಮಂಚದ ಮೇಲಿದ್ದಾಗಲೇ ಬಸಪ್ಪನೂ ಮಲ್ಲುವೂ ಕೂಸನ್ನು ದವಾಖಾನೆಯಿಂದ ನೇರ ಒಯ್ದು ಮಣ್ಣು ಮಾಡಿದ್ದರು. ನಮ್ಮ ಕಡೆ ಹಾಗೆಯೇ. ಬಾಣಂತಿಗೆ ಕೂಸಿನ ಮುಖ ತೋರಿಸುವುದಿಲ್ಲ, ಎಲ್ಲಿ ಮಣ್ಣು ಮಾಡಿದರೆಂದು ಹೇಳುವುದಿಲ್ಲ, ಆಮೇಲೆ ಆ ಮಾತೇ ಎತ್ತುವುದಿಲ್ಲ. ಸ್ವಂತ ಹೊಲವಿದ್ದವರು ಮಣ್ಣು ಮಾಡುವುದು ಹೊಲದಲ್ಲೇ. ಹೊಲದಲ್ಲಿ ಎಂದಷ್ಟೇ ಅವಳಿಗೆ ಗೊತ್ತು. ಎಲ್ಲಿ ಎಂದು ಗೊತ್ತಿಲ್ಲ. ನೀರು ಬಿಟ್ಟರೆ ಗದ್ದೆಯೆಲ್ಲ ಮುಳುಗುತ್ತದೆ, ಅವಳ ಕೂಸಿನ ಮೇಲೂ ನೀರು ನಿಲ್ಲುತ್ತದೆ. ಅದನ್ನೇ ಅವಳು ಕೇಳಿದ್ದು. ಮಾವನಿಗೆ ನೇರ ಕೇಳಲಾರದೆ, ಗಂಡನ ಬಾಯಿ ಮುಚ್ಚಿರುವುದರಿಂದ ಅವನನ್ನೂ ಕೇಳಲಾರದೆ, ಅತ್ತೆಯ ಕಿವಿಯಲ್ಲಿ ಕೇಳಿದ್ದಳು. ನಾನು ‘ಹೊಲದ ಮಾತು ಆಮ್ಯಾಲ’ ಎಂದಿದ್ದೆ.

ಆ ಅಪರಿಚಿತ ಹೆಂಗಸಿನ ಎದುರು ಗಳಗಳ ಅತ್ತುಬಿಟ್ಟೆ. ಆಕೆ ಏನೂ ಕೇಳಲಿಲ್ಲ. ನನ್ನ ಪಕ್ಕ, ಬೆಂಚಿನ ಮೇಲೆ, ಒಂದು ಗೇಣು ಜಾಗವೂ ಬಿಡದೆ ಬಂದು ಕೂತಳು.

ಉಳಿದ ದಿನಗಳು ಮುಳ್ಳಿನ ಮೇಲೆ ಕೂತ ಹಾಗೆ. ಶಾಹೀನ್‌ಗೆ ದಿನಾ ಒಂದೇ ಪ್ರಶ್ನೆ: ಕಾಲುವೆಗೆ ನೀರು ಬಂತೇನು? ‘ಇಲ್ಲಕ್ಕಾ, ನೀ ಏನ್ ನಾರ್ವೆದಾಗ ಭತ್ತ ಹಚ್ತೀಯೇನು?’ ಎಂದು ಅವಳು ಬೈದಳು. ಇಂಗ್ರಿಡ್‌ಗೆ ಎಲ್ಲ ಹೇಳಿದೆ. ‘ನಮಗೆ ಗಾಜು ತಂದು ಗೋಡೆ ಕಟ್ಟಬೇಕಾಯಿತು. ನಿಮ್ಮ ಮನೆಗಳಲ್ಲಿ ಬಾಗಿಲು ಮೊದಲೇ ಇದೆ’ ಎಂದಳು. ನಾನು ಉಬ್ಬುವುದರೊಳಗೆ ಸೇರಿಸಿದಳು: ‘ಆದರೆ ಬಾಗಿಲ ಹಿಂದೆ ಯಾವಾಗಲೂ ನಿಲ್ಲುವವಳು ಸೊಸೆಯೇ ಅಲ್ಲವೇ? ಅದನ್ನು ಬಹಳ ಚೆಂದ ಮಾಡಿ ಹೇಳಬೇಡ.’

ದೇವದುರ್ಗ

ಮನೆಗೆ ಬಂದು ಮೊದಲ ದಿನ ಕತ್ತಲಾದದ್ದೇ ಕಣ್ತುಂಬ ನಿದ್ದೆ ಮಾಡಿದೆ. ಮರುದಿನ ದೇವದುರ್ಗದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಗಬ್ಬೂರು ಬರುವುದರೊಳಗೆ ನನ್ನ ಜಾತಕವನ್ನೆಲ್ಲ ತಿಳಿದುಕೊಂಡಳು. ಕಿರಿಕಿರಿಯಾಗುವುದರ ಬದಲು ಹಾಯೆನಿಸಿತು.

ರೇಣುಕಾ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ನಾನೂ ಕರೆಯಲಿಲ್ಲ. ಪಡಸಾಲೆಯಲ್ಲಿ ಅವಳ ತಾಯಿಯ ಜೊತೆ ಚಾಪೆಯ ಮೇಲೆ ಕೂತೆ. ಒಳಗಿನಿಂದ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು. ಅಡುಗೆಮನೆಯ ಕಡೆ ನೋಡದೆ ತಾಯಿಗೆ ಹೇಳಿದೆ:

‘ಯವ್ವಾ, ಕಾಲುವಿಗೆ ಇನ್ನಾ ನೀರು ಬಿಟ್ಟಿಲ್ಲಂತ. ಆ ಹೊಲದಾಗ ಯಾರಿಗರ ಏನರ ತಿಳ್ಕೊಳ್ಳೋದಿದ್ರ ನೀರು ಬರೂದ್ರೊಳಗ ತಿಳ್ಕೋಬೇಕು ನೋಡ್ರಿ.’

ಪಾತ್ರೆಯ ಸದ್ದು ನಿಂತಿತು. ತಾಯಿ ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ಕೂತೆ. ಸುಮ್ಮನಿರುವುದನ್ನು ನಾರ್ವೆಯಲ್ಲಿ ಕಲಿತದ್ದು ಅಷ್ಟಿಷ್ಟು ಉಪಯೋಗಕ್ಕೆ ಬಂತು.

‘ಎಲ್ಲಿ ಮಣ್ಣ ಮಾಡ್ಯಾರ ಅಂತ ನನಗ ಯಾರೂ ಹೇಳಿಲ್ಲ ಅಂತ ಹೇಳಬೇ, ಮೇಡಂಗ’ ಎಂಬ ಧ್ವನಿ ಒಳಗಿನಿಂದ ಬಂತು. ಸ್ವಲ್ಪ ತಡೆದು, ‘ದಿನಾ ಕನಸಿನ್ಯಾಗ ನೀರು ಬರತದ ಅಂತ ಹೇಳು.’

ತಾಯಿ ಬಾಯಿಗೆ ಸೆರಗು ಒತ್ತಿಕೊಂಡರು. ‘ಅಯ್ಯ ನನ್ನವ್ವಾ, ನನಗರ ಹೇಳಬಾರದಾ’ ಎಂದು ಎದ್ದು ಒಳಗೆ ಓಡಿದರು. ತಾಯಿ ಮಗಳ ಅಳು ಬಹಳ ಹೊತ್ತು ಕೇಳಿಸಿತು. ಹಿರಿಯರು ಕೂಡುವ ಮೊದಲು ಒಂದೇ ಒಂದು ಸಲ ಮಾನ್ವಿಗೆ ಹೋಗಿ ಬರೋಣ, ಯಾರೂ ಕುರ್ಚಿಯಲ್ಲಿ ಕೂರಿಸುವುದಿಲ್ಲ ಎಂದು ನಾನು ಕ್ಯಾಲೆಂಡರಿಗೆ ಹೇಳಿದೆ.

ಮಾನ್ವಿ

ಸಿರವಾರದ ಮೇಲೆ ಮಾನ್ವಿಗೆ ಹೋಗುವ ದಾರಿಯಲ್ಲಿ ಹೊಲಗಳನ್ನು ಹರಗಿ ಹದ ಮಾಡಿಟ್ಟಿದ್ದರು. ಕಾಲುವೆ ಒಣಗಿತ್ತು. ಪಕ್ಕದಲ್ಲಿ ರೇಣುಕಾ ತಾಯಿಯ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ನಾನು ಮಾಡುತ್ತಿರುವುದು ಸರಿಯೇ? ಮಾವ ಬಾಯಿ ಬಿಡದಿದ್ದರೆ? ಗಂಡ ಎದ್ದು ಹೋದರೆ? ಆ ಹುಡುಗಿ ಎರಡನೇ ಸಲ ಆ ಮನೆಯಿಂದ ಬರಿಗೈಯಲ್ಲಿ ತಿರುಗಿದರೆ ಮೂರನೇ ಸಲ ಕರೆದೊಯ್ಯುವವರು ಯಾರೂ ಇರುವುದಿಲ್ಲ.

ಯಾರಿಗೂ ಎಲ್ಲಿ ಕೂರಬೇಕೆಂದು ನಾನು ಹೇಳಲಿಲ್ಲ. ಬಸಪ್ಪ ಪಡಸಾಲೆಯಲ್ಲಿ ಬೀದಿಯ ಕಡೆ ಮುಖ ಮಾಡಿ ಕೂತರು. ಗಂಗಮ್ಮ ಒಳಬಾಗಿಲ ಹತ್ತಿರ. ರೇಣುಕಾಳೂ ಅವಳ ತಾಯಿಯೂ ಆ ಬಾಗಿಲ ಒಳಗೆ. ಮಲ್ಲು ಕಂಬಕ್ಕೆ ಒರಗಿ ನಿಂತ. ನನಗೆ ತಂದ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಜಮಖಾನೆಯ ಮೇಲೆ ಕೂತೆ. ಚಹಾ ಬಂತು.

‘ಯವ್ವಾ’ ಎಂದೆ ಗಂಗಮ್ಮನಿಗೆ, ‘ನಾ ಹೋದ ದೇಶದಾಗ ವರ್ಷದಾಗ ಅರ್ಧ ಹಿಮ ಬೀಳ್ತದಂತ. ನೆಲಾನ ಕಾಣಂಗಿಲ್ಲ. ಅಲ್ಲೊಬ್ಬಾಕಿ ಸಿಕ್ಕಿದ್ಲು.’ ಸ್ಮಶಾನದ ಹೆಂಗಸಿನ ಕಥೆಯನ್ನು ಹೇಳಿದೆ. ದೋಣಿ, ಝಾರಿ, ಹಿಮ, ಬೇಲಿ. ಗಂಗಮ್ಮ ‘ಅಯ್ಯ ಪಾಪ’ ಎನ್ನುತ್ತಾ ಕೇಳಿದರು. ಉಳಿದವರು ಕೇಳದವರ ಹಾಗೆ ಕೇಳಿದರು.

ಬಸಪ್ಪ ಕೆಮ್ಮಿದರು. ಬೀದಿ ನೋಡುತ್ತಲೇ ಹೆಂಡತಿಗೆ ಹೇಳಿದರು: ‘ಕೂಸಿನ್ನ ಆಕಿ ಕೈಯಾಗ ಕೊಟ್ಟಿದ್ರಂತೇನು ಕೇಳು.’

‘ಕೊಟ್ಟಿದ್ರಂತ್ರೀ’ ಎಂದೆ ಗಂಗಮ್ಮನಿಗೆ.

‘ನಾವು ಕೊಡಲಿಲ್ಲ’ ಎಂದರು ಬಸಪ್ಪ, ಈಗ ಯಾರಿಗೂ ಅಲ್ಲ. ‘ಬಾಣಂತಿ ನೋಡಿದ್ರ ಜೀವಕ್ಕ ಹಚ್ಕೋತಾಳ, ಹೇಳಬ್ಯಾಡ್ರಿ ಅಂತ ಹಿರೇರು ಅಂದ್ರು. ಅವತ್ತ ಹಿರ್ಯಾ ಅಂತ ಇದ್ದಾವ ನಾನ. ಬ್ಯಾರೆ ಯಾರಿದ್ರು?’

ಒಳಗೆ ಬಳೆಯ ಸದ್ದಾಯಿತು. ರೇಣುಕಾ ಬಾಗಿಲ ಅಂಚಿಗೆ ಬಂದಿದ್ದಳು. ಅವಳ ಕೈಬೆರಳುಗಳಷ್ಟೇ ಕಾಣುತ್ತಿದ್ದವು, ಬಾಗಿಲ ಪಟ್ಟಿಯನ್ನು ಬಿಗಿಯಾಗಿ ಹಿಡಿದಿದ್ದವು.

‘ಅತ್ತಿ... ಅಲ್ಲಿಗಿ ನೀರು ಹತ್ತತದೇನು ಕೇಳ್ರಿ.’

ಗಂಗಮ್ಮನಿಗೆ ಈಗ ಅರ್ಥವಾಯಿತು. ಗಂಡನ ಕಡೆ ತಿರುಗಿದರು. ಕೇಳಬೇಕಾಗಿ ಬರಲಿಲ್ಲ.

‘ಹತ್ತಂಗಿಲ್ಲ ಅಂತ ಹೇಳು’ ಎಂದರು ಬಸಪ್ಪ. ‘ಮ್ಯಾಲಿನ ವಡ್ಡಿನ ಮ್ಯಾಲ ಅದ, ಬೇವಿನ ಗಿಡದ ಬುಡಕ. ಕಾಲುವಿ ಒಡದ್ರೂ ಅಲ್ಲಿಗಿ ನೀರು ಏರಂಗಿಲ್ಲ. ಅದಕ್ಕಾ ಅಲ್ಲಿ ಮಾಡೀವಿ. ನೆಳ್ಳೂ ಅದ ಅಂತ ಹೇಳು.’

ಬಾಗಿಲ ಮೇಲಿನ ಬೆರಳುಗಳು ಜಾರಿದವು. ಒಳಗೆ ಅವಳು ನೆಲಕ್ಕೆ ಕೂತದ್ದು ಕೇಳಿಸಿತು. ಅಳುತ್ತಿದ್ದಳೋ ಉಸಿರು ಬಿಡುತ್ತಿದ್ದಳೋ ಗೊತ್ತಾಗಲಿಲ್ಲ. ನಾನು ಚಹಾದ ಲೋಟ ಗಟ್ಟಿಯಾಗಿ ಹಿಡಿದುಕೊಂಡೆ, ಏನೂ ಹೇಳಬಾರದು ಎಂದು ನನಗೇ ಹೇಳಿಕೊಂಡೆ.

ಆಗ ಮಲ್ಲು ಕಂಬ ಬಿಟ್ಟು ಬಂದ. ಅಮ್ಮನಿಗೆ ಹೇಳಲಿಲ್ಲ, ಗೋಡೆಗೆ ಹೇಳಲಿಲ್ಲ. ನೇರ ಒಳಬಾಗಿಲಿಗೆ ಹೋಗಿ ನಿಂತ.

‘ಕೂಸಿಗಿ ನನ್ನ ಟಾವೆಲ್ ಹೊಚ್ಚೀನಿ’ ಎಂದ. ‘ನೀ ತಂದಿದ್ಯಲ್ಲ, ಕೆಂಪಂಚಿಂದು. ಹೇಳಾಕ ಬಾಯಿ ತಗದ್ರ ಅಳು ಬರ್ತಿತ್ತು, ಅದಕ್ಕ ಬಾಯಿನಾ ತಗೀಲಿಲ್ಲ.’ ಸುಧಾರಿಸಿಕೊಂಡು ಹೇಳಿದ: ‘ನಡಿ, ತೋರಸ್ತೀನಿ.’

ರೇಣುಕಾ ಎದ್ದು ಹೊರಬಂದಳು. ಸೆರಗು ತಲೆಯ ಮೇಲಿತ್ತು, ಮುಖವೆಲ್ಲ ಒದ್ದೆ. ಪಡಸಾಲೆ ದಾಟಿ ಗಂಡನ ಹಿಂದೆ ಅಂಗಳಕ್ಕಿಳಿದಳು. ಬಸಪ್ಪ ಅವಳಿಗೆ ದಾರಿಯಾಗಲೆಂದು ಕಾಲು ಮಡಿಚಿಕೊಂಡರು.

‘ಮತ್ತ ಹಿರೇರಿಗಿ ಏನಂತ ಹೇಳೂದು?’ ಎಂದು ಗಂಗಮ್ಮ ಮೆಲ್ಲಗೆ ಕೇಳಿದರು.

‘ತಡಿ. ಮದ್ಲ ಹೋಗಿ ಬರ್ಲಿ’ ಎಂದರು ಬಸಪ್ಪ.

ಮಲ್ಲು ಬೈಕಿಗೆ ಕಿಕ್ ಹೊಡೆದ. ಮೊದಲ ಸಲ ಹತ್ತಲಿಲ್ಲ, ಎರಡನೇ ಸಲವೂ ಇಲ್ಲ. ರೇಣುಕಾ ಹಿಂದೆ ಕೂತು, ಹಿಡಿದುಕೊಳ್ಳಲೋ ಬೇಡವೋ ಎಂದು ನೋಡಿ, ಸೀಟಿನ ಕಂಬಿ ಹಿಡಿದಳು. ಬೈಕು ಹತ್ತಿತು. ಆಗ ಬಸಪ್ಪ ಎದ್ದು ನಿಂತು, ಎದುರುಮನೆಯ ಗೋಡೆಯನ್ನು ನೋಡುತ್ತಾ, ಓಣಿಗೆಲ್ಲ ಕೇಳುವಂತೆ ಹೆಂಡತಿಗೆ ಹೇಳಿದರು:

‘ಕಾಲುವಿ ದಾರಿ ಬ್ಯಾಡ, ಗಾಡಿ ಕುಣಿತದ. ಮ್ಯಾಲಿನ ದಾರೀಲೆ ಸಾವಕಾಶ ಹೋಗ್ರಿ ಅಂತ ಹೇಳು ಆಕಿಗಿ.’

ಬೈಕಿನ ಹಿಂದಿನಿಂದ ರೇಣುಕಾ ಈ ಕಡೆ ತಿರುಗಲಿಲ್ಲ. ಸೆರಗು ಸರಿಮಾಡಿಕೊಂಡಳು.

‘ಹೂಂ ಅಂತ ಹೇಳ್ರಿ, ಅತ್ತಿ.’